ಇಸ್ತ್ರಿ ಅಕ್ಕ ಕಟ್ಟಿದ ಒದ್ದೆ ಬೆಡ್‌ಶೀಟು

ನಮ್ಮ ಬೀದಿಯಲ್ಲಿ ಇಸ್ತ್ರಿ ಅಕ್ಕನ ಮಾತಿಗೆ ಎದುರು ಮಾತಿಲ್ಲ. ಇದೆ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ, ನಾನು ವಿಚಾರಿಸಿಕೊಳ್ಳುತ್ತೇನೆ. ನನ್ನ ಹೊಲಿಗೆ ಅಂಗಡಿಗೂ ಅವಳ ಇಸ್ತ್ರಿ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅದರಲ್ಲೂ ಒಂದು ಹಲಗೆ ಯಾವತ್ತೋ ಕಿತ್ತು ಹೋಗಿದೆ. ಆ ಸಂದಿಯಿಂದಲೇ ನಮ್ಮಿಬ್ಬರ ಮನೆಯ ಸುಖದುಃಖವೆಲ್ಲ ಇತ್ತಿಂದತ್ತ ಅತ್ತಿಂದಿತ್ತ ಓಡಾಡಿದೆ. ಅವಳು ನನಗಿಂತ ದೊಡ್ಡವಳೋ ಚಿಕ್ಕವಳೋ ಇಬ್ಬರಿಗೂ ಗೊತ್ತಿಲ್ಲ. ಬೀದಿಯವರೆಲ್ಲ ಅಕ್ಕ ಅನ್ನುತ್ತಾರೆ, ನಾನೂ ಅಕ್ಕ ಅನ್ನುತ್ತೇನೆ. ಅವಳು ಮಾತ್ರ ನನ್ನನ್ನು "ಟೈಲರೇ" ಅಂತ ಕರೆಯುತ್ತಾಳೆ, ಅದೂ ನಾನೇನೋ ದೊಡ್ಡ ಸಾಹೇಬರು ಅನ್ನೋ ಹಾಗೆ ರಾಗ ಎಳೆದು.

ಅವಳಿಗೆ ಈ ಮರ್ಯಾದೆ ಬಂದದ್ದು ಇಸ್ತ್ರಿಯಿಂದ ಅಲ್ಲ. ಇಸ್ತ್ರಿ ಯಾರು ಬೇಕಾದರೂ ಮಾಡಬಹುದು, ನಾನು ಹೊಲಿದ ಕಾಲರಿನ ಮಡಿಕೆ ಅವಳಿಗೆ ಇವತ್ತಿಗೂ ಸರಿಯಾಗಿ ಕೂರಿಸೋಕೆ ಬರಲ್ಲ. ಮರ್ಯಾದೆ ಬಂದದ್ದು ಒದ್ದೆ ಬೆಡ್‌ಶೀಟಿನಿಂದ. ಬೇಸಿಗೆ ಬಂತು ಅಂದರೆ ಅವಳು ಹಳೆಯ ಹತ್ತಿ ಬೆಡ್‌ಶೀಟೊಂದನ್ನು ನೀರಲ್ಲಿ ಅದ್ದಿ, ಅರ್ಧ ಹಿಂಡಿ, ಕಿಟಕಿಯ ಮೇಲೆ ಎರಡು ಮೊಳೆಗೆ ಬಿಗಿಯಾಗಿ ಕಟ್ಟುತ್ತಿದ್ದಳು. ಕೆಳಗಿನ ಅಂಚು ಬಕೆಟ್ಟಿನ ನೀರಲ್ಲಿ ಮುಳುಗಿರಬೇಕು. ಬಟ್ಟೆ ತಾನೇ ನೀರು ಹೀರಿಕೊಂಡು ಮೇಲೇರಿಸುತ್ತೆ. ಹೊರಗಿನ ಬೆಂಕಿಯಂಥ ಗಾಳಿ ಆ ಬಟ್ಟೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹಾಯ್ ಅನ್ನಿಸುವಷ್ಟು ತಂಪು. ಇದು ಅವಳ ಅಮ್ಮ ಕಲಿಸಿದ್ದು, ಅವರಿಗೆ ಅವರಮ್ಮ. ಮೊದಮೊದಲು ಬೇಕರಿಯವನು, "ಏನಕ್ಕ, ಕಿಟಕಿಗೂ ಸ್ನಾನ ಮಾಡಿಸ್ತೀಯಾ?" ಅಂತ ಕಿಸಕ್ಕನೆ ನಕ್ಕಿದ್ದ. ಮುಂದಿನ ಬೇಸಿಗೆಗೆ ಅವನೇ ಹಲ್ಲು ಗಿಂಜುತ್ತಾ ಬಂದು ಮೊಳೆ ಎಲ್ಲಿ ಹೊಡೀಬೇಕು ಅಂತ ಕೇಳಿದ. ಹೀಗೆ ಒಬ್ಬರನ್ನು ನೋಡಿ ಒಬ್ಬರು. ಕೊನೆಗೆ ಬಿಸಿಲು ಏರಿತು ಅಂದರೆ ಇಡೀ ಬೀದಿಯ ಕಿಟಕಿಗಳಲ್ಲಿ ಬೆಡ್‌ಶೀಟುಗಳೇ. ಬಾಣಂತಿಯರ ಕೋಣೆಗೆ, ಮುದುಕರ ಕೋಣೆಗೆ ಅಕ್ಕ ಕೆಲಸ ಬಿಟ್ಟು ಹೋಗಿ ತಾನೇ ಕಟ್ಟಿಕೊಟ್ಟು ಬರುತ್ತಿದ್ದಳು. ಎಷ್ಟು ಜೀವ ತಂಪಾಗಿ ನಿದ್ದೆ ಮಾಡಿದವೋ ಅದರಿಂದ.

ಅವಳ ಸ್ವಂತ ಮನೆ ನಮ್ಮ ಅಂಗಡಿಗಳಿರುವ ಕಟ್ಟಡದ್ದೇ ಮೂರನೇ ಮಹಡಿ. ಮೇಲೆ ಬರೀ ತಾರಸಿ, ಮಧ್ಯಾಹ್ನದ ಹೊತ್ತಿಗೆ ಕಾದು ಕೆಂಡ. ಅಲ್ಲಿ ಒಂದು ಮಂಚ, ಮಂಚದ ಮೇಲೆ ಅವಳ ಗಂಡ. ನನಗೆ ಭಾವ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಕ್ಕಳಿಲ್ಲ. ಅಕ್ಕನಿಗೆ ಅವರೇ ಗಂಡ, ಅವರೇ ಮಗು.

ಆದರೆ ಬಾಯಿ ಬಿದ್ದಿರಲಿಲ್ಲ, ಅದೇ ದೊಡ್ಡ ಪುಣ್ಯ. ಮಂಚದಿಂದಲೇ ಬೀದಿ ನಡೆಸುತ್ತಿದ್ದರು. ಕೆಳಗೆ ತಳ್ಳುಗಾಡಿ ಸಿಕ್ಕಿಕೊಂಡರೆ ಮೇಲಿಂದ "ಹೋಲ್ಡಾನ್! ಹಿಂದೆ ಬಾ, ಹಿಂದೆ ಬಾ... ರೈಟ್ ರೈಟ್!" ಅಂತ ಕೂಗು. ಅಕ್ಕ ಊಟ ತಿನ್ನಿಸಲು ಮೇಲೆ ಹೋದರೆ, "ಚಿಲ್ಲರೆ ಇಟ್ಕೊಂಡು ಹತ್ತಮ್ಮ" ಅನ್ನೋರು. ಅವಳು, "ಸುಮ್ನೆ ಬಾಯಿ ತೆಗೀರಿ, ನಿಮ್ಮ ಬಸ್ಸು ಡಿಪೋ ಸೇರಿ ಎಷ್ಟು ಕಾಲ ಆಯ್ತು" ಅನ್ನೋಳು. ಮೆಟ್ಟಿಲಲ್ಲಿ ನಿಂತು ಕೇಳುವ ನನಗೆ ಹೊಟ್ಟೆಕಿಚ್ಚು ಆಗೋದು. ನನ್ನ ಯಜಮಾನರು ಇದ್ದಷ್ಟು ದಿನ ಒಂದು ಸಲವೂ ನನ್ನನ್ನು ಹಾಗೆ ರೇಗಿಸಲಿಲ್ಲ.

ಹೋದ ವರ್ಷದ ಬೇಸಿಗೆಯ ಕಥೆಗೆ ಬರುತ್ತೇನೆ. ಆ ಬೇಸಿಗೆ ಬರಬಾರದಿತ್ತು, ಬಂತು.

ಪ್ರತಿ ವರ್ಷ ನಮ್ಮದು ಒಣ ಬಿಸಿಲು. ತುಟಿ ಒಡೆಯುತ್ತೆ, ಮೂಗು ಉರಿಯುತ್ತೆ, ಕೊಡ ಕೊಡ ನೀರು ಕುಡಿದರೂ ಬಾಯಾರಿಕೆ. ಆದರೆ ನೆರಳಿಗೆ ಬಂದರೆ ಬದುಕಿಕೊಂಡ ಹಾಗೆ. ಆ ಸಲ ಹಾಗಿರಲಿಲ್ಲ. ಸಮುದ್ರದ ಕಡೆಯಿಂದ ಗಾಳಿ ಬಂದು ನಮ್ಮ ಮೇಲೆ ಕೂತುಬಿಟ್ಟಿತು. ಆಮೇಲೆ ಎಲೆ ಅಲ್ಲಾಡಲಿಲ್ಲ. ಬಿಸಿಲು ಪ್ರತಿ ವರ್ಷದಷ್ಟೇ, ಜೊತೆಗೆ ಅಂಟು. ಮೈಯಿಂದ ಬೆವರು ಧಾರಾಕಾರ, ಒರೆಸಿದರೆ ಮತ್ತೆ ಅಷ್ಟೇ. ಸಂಜೆಯಾದರೂ ಇಳಿಯಲಿಲ್ಲ, ಬೆಳಗಿನ ಜಾವಕ್ಕಾದರೂ ತಣ್ಣಗಾಗುತ್ತೆ ಅಂದುಕೊಂಡರೆ ಅದೂ ಇಲ್ಲ. ನನ್ನ ಹೊಲಿಗೆ ಮಿಷನ್ನಿನ ಸೂಜಿಗೆ ತುಕ್ಕು ಹಿಡಿಯಿತು. ಬೇಸಿಗೆಯಲ್ಲಿ ತುಕ್ಕು! ಕಂಡಿದ್ದೀರಾ ಎಲ್ಲಾದರೂ?

ಅಕ್ಕ ಆಗ ಸಿಡಿಸಿಡಿ ಅನ್ನುತ್ತಿದ್ದಳು. ಯಾಕೆಂದರೆ ಹಗ್ಗಕ್ಕೆ ಹಾಕಿದ ಬಟ್ಟೆ ಒಣಗುತ್ತಿರಲಿಲ್ಲ. "ಇಷ್ಟು ಬಿಸಿಲು ಹೊಡೀತಿದೆ, ಒಂದು ಕರವಸ್ತ್ರ ಒಣಗಲ್ಲ ಅಂದ್ರೆ ಏನ್ರೀ ಟೈಲರೇ ಇದು? ಗಿರಾಕಿಗಳಿಗೆ ಏನು ಹೇಳ್ಲಿ?" ಅಂತ ಸಂದಿಯಿಂದ ಕೂಗುತ್ತಿದ್ದಳು. ಅವಳ ತಲೆಯಲ್ಲಿ ಗಿರಾಕಿಗಳಿದ್ದರು, ನನ್ನ ತಲೆಯಲ್ಲಿ ತುಕ್ಕು ಹಿಡಿದ ಸೂಜಿ. ಒಣಗದ ಕರವಸ್ತ್ರ ಏನು ಹೇಳುತ್ತಿದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಅಂಥ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೀದಿಯ ಫ್ಯಾನುಗಳೆಲ್ಲ ಒಟ್ಟಿಗೇ ತಿರುಗಿದರೆ ಆ ಬಡ ಟ್ರಾನ್ಸ್‌ಫಾರ್ಮರ್ ಎಷ್ಟು ಅಂತ ತಡೆಯುತ್ತೆ. ಅಕ್ಕ ಇಸ್ತ್ರಿ ಪೆಟ್ಟಿಗೆಯ ಕೆಂಡ ಆರಿಸಿ ಮೇಲಕ್ಕೆ ಓಡಿದಳು. ನಾನೂ ಹಿಂದೆಯೇ ಒಂದು ಬಕೆಟ್ ನೀರು ಹೊತ್ತುಕೊಂಡು ಏದುಸಿರು ಬಿಡುತ್ತಾ ಹತ್ತಿದೆ. ಇದ್ದ ಒಂದು ಕಿಟಕಿಗೆ ಒಂದು ಬೆಡ್‌ಶೀಟು ಆಗಲೇ ಕಟ್ಟಿತ್ತು. ಅವಳು ಬಾಗಿಲಿಗೂ ಒಂದು ಕಟ್ಟಿದಳು. ಕೋಣೆಯೊಳಗೆ, ಮುಚ್ಚಳ ಮುಚ್ಚಿ ಒಲೆ ಮೇಲಿಟ್ಟ ಪಾತ್ರೆಯೊಳಗಿದ್ದ ಹಾಗೆ ಆಗುತ್ತಿತ್ತು. ಭಾವನ ಮುಖ ಕೆಂಪಗಿತ್ತು.

"ನನ್ನ ಕೆಳಗೆ ಕರ್ಕೊಂಡು ಹೋಗೇ" ಅಂದರು.

"ಹೊರಗೆ ಬೆಂಕಿ ಬೀಳ್ತಾ ಇದೆ ರೀ. ಎಲ್ಲಿಗೆ ಹೋಗ್ತೀರಿ?"

"ಇಲ್ಲಿ ಉಸಿರು ಕಟ್ಟುತ್ತೆ ಕಣೇ. ಕೆಳಗೆ ಗೋದಾಮಿನ ಹತ್ರ ಕೂರಿಸು. ಅಲ್ಲಿ ಗಾಳಿ ಇರುತ್ತೆ."

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಹಳೆಯ ಕಾಗದದ ಗೋದಾಮಿದೆ. ದಪ್ಪ ಗೋಡೆ, ಹಿಂದೆ ಮುಂದೆ ಎರಡೂ ಕಡೆ ಬಾಗಿಲು. ಅವರು ಕೇಳಿದ್ದು ಅಷ್ಟೇ. ಆದರೆ ಆ ದೊಡ್ಡ ಮೈಯನ್ನು ಮೂರು ಮಹಡಿ ಇಳಿಸಬೇಕು, ನಾಲ್ಕು ಜನ ಬೇಕು, ಬಿಸಿಲಲ್ಲಿ ಯಾರನ್ನು ಕರೆಯೋದು. ಇಲ್ಲೇ ತನ್ನ ಕೈಯಲ್ಲೇ ಮದ್ದಿದೆ ಅಂತ ಅವಳಿಗೆ ನಂಬಿಕೆ. ಆ ನಂಬಿಕೆ ಒಂದು ದಿನವೂ ಅವಳ ಕೈ ಬಿಟ್ಟಿರಲಿಲ್ಲವಲ್ಲ.

"ಇನ್ನೊಂದು ಸಲ ನೆನೆಸಿ ಕಟ್ತೀನಿ ಇರಿ, ಈಗ ತಣ್ಣಗಾಗುತ್ತೆ" ಅಂದಳು.

ಭಾವ ನಗಲು ನೋಡಿದರು. "ಆಯ್ತು ತಾಯಿ. ನೀನು ಡ್ರೈವರು, ನಾನು ಬರೀ ಕಂಡಕ್ಟರು" ಅಂದರು.

ಅದೇ ಅವರು ಸರಿಯಾಗಿ ಆಡಿದ ಕೊನೆಯ ಮಾತು. ಆಮೇಲೆ ತೊದಲಿದರು, ಯಾವ್ಯಾವುದೋ ಸ್ಟಾಪಿನ ಹೆಸರು ಹೇಳಿದರು, ಆಮೇಲೆ ಅದೂ ನಿಂತಿತು. ಮೈ ಮುಟ್ಟಿದರೆ ಸುಡುತ್ತಿತ್ತು. ಬೇಕರಿಯವನು, ಗ್ಯಾರೇಜಿನವನು ಓಡಿಬಂದು ಎತ್ತಿಕೊಂಡು ಆಸ್ಪತ್ರೆಗೆ ಸಾಗಿಸಿದರು. ಕೆಳಗೇನೋ ಇಳಿಸಿದರು. ಆದರೆ ಸಂಜೆಗೆ ಎಲ್ಲ ಮುಗಿದಿತ್ತು. ಡಾಕ್ಟರು, "ಮೈಯ ಶಾಖ ಹೊರಗೆ ಹೋಗಲೇ ಇಲ್ಲಮ್ಮ" ಅಂದರು. ಅಕ್ಕ ಅವರ ಮುಖವನ್ನೇ ನೋಡುತ್ತಾ, "ತಂಪು ಮಾಡಿದ್ದೆನಲ್ಲ ಸಾರ್" ಅಂದಳು. ಡಾಕ್ಟರು ಅವಳ ಹೆಗಲು ತಟ್ಟಿ ಹೋದರು.

ಅಕ್ಕ ಅಂಗಡಿ ಮತ್ತೆ ತೆಗೆಯುವಷ್ಟರಲ್ಲಿ ಮಳೆಗಾಲ ಬಂದಿತ್ತು. ಅದೂ ಎಂಥ ಮಳೆ? ತಿಂಗಳೆಲ್ಲ ಬರಬೇಕಾದ್ದು ಒಂದೇ ದಿನ ಸುರಿದು, ಬೀದಿಯ ಚರಂಡಿ ಉಕ್ಕಿ, ನನ್ನ ಅಂಗಡಿಯ ಬಟ್ಟೆ ತುಂಡುಗಳು ತೇಲಿ, ಆಮೇಲೆ ಮತ್ತೆ ಮೋಡದ ಸುಳಿವೇ ಇಲ್ಲ. ಆ ಹೊತ್ತಿಗೆ ಹವಾಮಾನ ಕಚೇರಿಯ ಮೇಡಂ ತಮ್ಮ ಬಟ್ಟೆ ತೆಗೆದುಕೊಂಡು ಹೋಗಲು ಬಂದರು. ಅಕ್ಕನ ಹಳೆಯ ಗಿರಾಕಿ, ಗಂಟು ಬಿಟ್ಟು ಹೋದರೆ ವಾರಗಟ್ಟಲೆ ಮರೆತುಬಿಡುವ ಹೆಂಗಸು. ವಿಷಯ ಕೇಳಿ ಬೆಂಚಿನ ಮೇಲೆ ಕುಸಿದು ಕೂತರು. ಅಕ್ಕ ಅವರ ಅಂಗಿಗೆ ಇಸ್ತ್ರಿ ಹಾಕುತ್ತಲೇ ಕೇಳಿದಳು: "ಮೇಡಂ, ಪ್ರತಿ ವರ್ಷ ಒದ್ದೆ ಬೆಡ್‌ಶೀಟ್ ಕಟ್ಟಿದ್ರೆ ತಂಪಾಗ್ತಿತ್ತು. ಈ ಸಲ ಯಾಕೆ ಆಗಲಿಲ್ಲ?"

ಸಂದಿಯ ಈಚೆ ನಾನು ಮಿಷನ್ ನಿಲ್ಲಿಸಿದೆ.

"ಅಕ್ಕ, ಆ ದಿನ ನಿಮ್ಮ ಬಟ್ಟೆ ಒಣಗ್ತಿತ್ತಾ?"

"ಇಲ್ಲ. ಕರವಸ್ತ್ರವೂ ಒಣಗಲಿಲ್ಲ."

"ಅದೇ ಅಕ್ಕ. ಬಟ್ಟೆ ಒಣಗುವಾಗಲೇ ತಂಪು ಕೊಡೋದು. ಬೆವರೂ ಹಾಗೇ, ಒಣಗಿದ್ರೆ ಮೈ ತಣ್ಣಗಾಗುತ್ತೆ. ಗಾಳಿಯಲ್ಲಿ ಆಗಲೇ ನೀರು ತುಂಬ್ಕೊಂಡಿದ್ರೆ ಅದು ಇನ್ನೂ ನೀರು ಹೇಗೆ ಹೀರ್ಕೊಳ್ಳುತ್ತೆ? ಬಟ್ಟೆ ಒದ್ದೆಯಾಗೇ ಇರುತ್ತೆ, ಬೆವರು ಮೈಮೇಲೇ ಇರುತ್ತೆ. ಮುಚ್ಚಿದ ಕೋಣೆಯಲ್ಲಿ ಇನ್ನಷ್ಟು ನೀರು ಇಟ್ರೆ..." ಅಲ್ಲಿಗೆ ನಿಲ್ಲಿಸಿದರು.

ಅಕ್ಕನ ಇಸ್ತ್ರಿ ಪೆಟ್ಟಿಗೆ ಅಂಗಿಯ ಬೆನ್ನಿನ ಮೇಲೆ ಹಾಗೇ ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಎತ್ತಿದಳು. ಅಷ್ಟು ವರ್ಷದಲ್ಲಿ ಅವಳು ಸುಟ್ಟ ಮೊದಲ ಅಂಗಿ ಅದು. ಮೇಡಂ ಅದರ ಕಡೆ ನೋಡಲೂ ಇಲ್ಲ.

"ಯಾಕೆ ಹೀಗಾಯ್ತು ಮೇಡಂ? ನಮ್ಮಮ್ಮನ ಕಾಲದಲ್ಲಿ ಇರಲಿಲ್ಲವಲ್ಲ."

ಮೇಡಂ ಹೇಳಿದರು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಲೋಕವೆಲ್ಲ ತಲೆತಲಾಂತರದಿಂದ ಉರಿಸಿ, ಆ ಹೊಗೆಯಲ್ಲಿನ ಅನಿಲ ಭೂಮಿಗೆ ಕಂಬಳಿ ಹೊದೆಸಿದ ಹಾಗೆ ಆಗಿದೆಯಂತೆ. ಶಾಖ ಹೊರಗೆ ಹೋಗಲ್ಲ. ಆ ಶಾಖದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲನ್ನು ಸಮುದ್ರ ನುಂಗಿಕೊಂಡು ಕಾದು ಕೂತಿದೆಯಂತೆ. ಕಾದ ಸಮುದ್ರದಿಂದ ಹೆಚ್ಚು ಆವಿ, ಬಿಸಿಯಾದ ಗಾಳಿಗೆ ಹೆಚ್ಚು ನೀರು ಹೊರುವ ಶಕ್ತಿ. ಅದು ನಮ್ಮ ಮೇಲೆ ನಿಂತರೆ ಅಂಟುಸೆಕೆ, ಸುರಿದರೆ ಚರಂಡಿ ಉಕ್ಕುವ ಮಳೆ. ಎರಡೂ ಒಂದೇ ತಾಯಿಯ ಮಕ್ಕಳು.

"ನನ್ನ ಇದ್ದಿಲೂ ಸೇರಿತಾ ಅದಕ್ಕೆ?" ಅಂದಳು ಅಕ್ಕ.

"ಅಯ್ಯೋ, ನಿಮ್ಮ ಇದ್ದಿಲು ಯಾವ ಲೆಕ್ಕ ಅಕ್ಕ."

ನನಗೆ ತಡೆಯಲಾಗಲಿಲ್ಲ. ಸಂದಿಯಲ್ಲಿ ತಲೆ ತೂರಿಸಿ, "ಹಾಗಾದ್ರೆ ಯಾರದ್ದು ಮೇಡಂ? ವಿಳಾಸ ಕೊಡಿ. ಹೋಗಿ ನಾಲ್ಕು ಉಗಿದು ಬರ್ತೀನಿ" ಅಂದೆ. ಮೇಡಂ ನಗಲಿಲ್ಲ. "ಕೊಡೋದಾದ್ರೆ ದೊಡ್ಡ ದೊಡ್ಡ ವಿಳಾಸಗಳೇ ಇವೆ ಟೈಲರಮ್ಮ. ಒಂದೇ ಬಾಗಿಲು ಅಂತ ಇಲ್ಲ" ಅಂದರು.

ಅಕ್ಕ ಮೆಲ್ಲಗೆ, "ಮತ್ತೆ ಬರುತ್ತಾ?" ಅಂತ ಕೇಳಿದಳು.

"ಬರುತ್ತೆ. ಹಿಂದೆ ಜೀವಮಾನಕ್ಕೊಂದು ಸಲ ಕಾಣ್ತಿದ್ದಂಥ ಸೆಕೆ ಇನ್ನು ಕೆಲವೇ ವರ್ಷಕ್ಕೊಂದು ಸಲ ಬರಬಹುದು. ಲೋಕ ಹೊಗೆ ಬಿಡೋದು ನಿಲ್ಲಿಸಿದ್ರೆ ಹೆಚ್ಚೋದು ಅಲ್ಲಿಗೆ ನಿಲ್ಲಬಹುದು. ಹೀಗೇ ಉರಿಸ್ತಾ ಹೋದ್ರೆ ಇವತ್ತು ಹುಟ್ಟಿದ ಮಗು ನಮ್ಮ ವಯಸ್ಸಿಗೆ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಪ್ರತಿ ಬೇಸಿಗೆಯೂ ಹಾಗೇ ಆಗಬಹುದು. ಯಾವ ವರ್ಷ, ಯಾವ ದಿನ ಅಂತ ಮಾತ್ರ ಈಗಲೇ ಹೇಳೋಕಾಗಲ್ಲ."

ಮೇಡಂ ಸುಟ್ಟ ಅಂಗಿಯನ್ನೂ ಮಡಿಸಿಕೊಂಡು ಹೋದರು. ಅಕ್ಕ ಹಲಗೆಗೆ ಒರಗಿ ಕೂತಳು. "ಕೆಳಗೆ ಕರ್ಕೊಂಡು ಹೋಗು ಅಂದ್ರು ಟೈಲರೇ. ನಾನು ಒಲೆ ಮೇಲಿಟ್ಟು ಮುಚ್ಚಿದೆ" ಅಂದಳು. "ಬಕೆಟ್ ಹೊತ್ತವಳು ನಾನು, ನನ್ನನ್ನೂ ಬೈಯಿ" ಅಂದೆ. ಅವಳಿಗೆ ಕೇಳಿಸಲಿಲ್ಲ. ಇದನ್ನು ಯಾರಿಗೂ ಹೇಳಬೇಡಿ ಅಂತ ನನ್ನ ಕೈ ಹಿಡಿದುಕೊಂಡಳು. ಹಿಡಿದ ಕೈ ಅಷ್ಟು ಬಿಗಿಯಾಗಿತ್ತು, ನಾನು ಹೂಂ ಅಂದುಬಿಟ್ಟೆ.

ಅವತ್ತಿನಿಂದ ಅವಳ ಬಾಯಿಗೆ ಬೀಗ. ಭಾವ ಕಂಡಕ್ಟರ್ ಆಗಿದ್ದಾಗ ಕಾಲರಿಗೆ ಸುತ್ತಿಕೊಳ್ಳುತ್ತಿದ್ದ ಕರವಸ್ತ್ರವನ್ನು ದಿನಾ ಬೆಳಿಗ್ಗೆ ಅದ್ದಿ ಅಂಗಡಿಯ ನೆರಳಲ್ಲಿ ಹಗ್ಗಕ್ಕೆ ಹಾಕುವಳು. ಒಣಗಿದೆಯಾ ಅಂತ ಮುಟ್ಟಿ ನೋಡುವಳು. ಒಣಗಿದರೆ ಕೆಲಸಕ್ಕೆ ಇಳಿಯುವಳು. ಬೀದಿಯವರು, ಪಾಪ, ಗಂಡನ ನೆನಪಿಗೆ ಹಾಗೆ ಮಾಡುತ್ತಾಳೆ ಅಂದುಕೊಂಡರು. ನಾನೊಬ್ಬಳೇ ತಿಳಿದವಳು.

ಈ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕರವಸ್ತ್ರ ಒಣಗಲಿಲ್ಲ. ಹತ್ತು ಗಂಟೆಗೆ ಮುಟ್ಟಿದಳು, ಒದ್ದೆ. ಮತ್ತೆ ಮುಟ್ಟಿದಳು, ಒದ್ದೆ. ಅಷ್ಟರಲ್ಲಿ ಮೇಡಂ ಫೋನು ಮಾಡಿ, "ಅಕ್ಕ, ಮತ್ತೆ ಅದೇ ಗಾಳಿ" ಅಂದರಂತೆ. ಅಕ್ಕ ತಲೆಯೆತ್ತಿ ಬೀದಿ ನೋಡಿದಳು. ನಾನೂ ನೋಡಿದೆ. ಒಂದೊಂದು ಕಿಟಕಿಯಲ್ಲೂ ಒದ್ದೆ ಬೆಡ್‌ಶೀಟು. ಎಲ್ಲ ಅವಳು ಕಲಿಸಿದ ಗಂಟು, ಅವಳು ತೋರಿಸಿದ ಜಾಗದಲ್ಲಿ ಮೊಳೆ.

ಅವಳು ಓಡಿದಳು. ನಾನು ಹಿಂದೆ. "ಬಿಚ್ಚಿ, ಬಿಚ್ಚಿ, ಈ ಸೆಕೆಗೆ ಇದು ಆಗಲ್ಲ, ಮೇಲಿನ ಮಹಡಿಯೋರೆಲ್ಲ ಕೆಳಗೆ ಗೋದಾಮಿಗೆ ಬನ್ನಿ" ಅಂತ ಮನೆ ಮನೆಗೆ ಹೇಳಿದಳು. ಜನ ಕಣ್ಣು ಕಣ್ಣು ಬಿಟ್ಟರು. ಬೇಕರಿಯವನು, "ಏನಕ್ಕ, ನೀನೇ ಕಟ್ಟು ಅಂದೆ, ನೀನೇ ಬಿಚ್ಚು ಅಂತೀಯಾ?" ಅಂದ. ಅವನ ಹೆಂಡತಿ ನನ್ನ ಕಿವಿಯಲ್ಲಿ, ಗಂಡ ಹೋದ ಮೇಲೆ ಅಕ್ಕನಿಗೆ ಸ್ವಲ್ಪ ಹೀಗಾಗಿದೆ ಅಂತ ಪಿಸುಗುಟ್ಟಿದಳು. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಸುಮ್ಮನಿದ್ದೆ. ಯಾರೂ ಬಿಚ್ಚಲಿಲ್ಲ. ಯಾಕೆ ಅಂತ ಕೇಳಿದರೆ ಅಕ್ಕನಿಗೆ ನಾಲಿಗೆ ಏಳುತ್ತಿರಲಿಲ್ಲ. ಕಾರಣ ಹೇಳದೆ ಯಾರು ತಾನೇ ನಂಬುತ್ತಾರೆ?

ಕೊನೆಗೆ ಎದುರು ಕಟ್ಟಡದ ಮೂರನೇ ಮಹಡಿಗೆ ಹತ್ತಿದೆವು. ಅಲ್ಲಿ ರೇಡಿಯೋ ಅಜ್ಜಿ ಇದ್ದಾರೆ. ಎಂಬತ್ತು ದಾಟಿದ ಜೀವ, ಬಾಯಿ ತೆರೆದರೆ ನಿಲ್ಲಿಸುವ ಗುಂಡಿ ಇಲ್ಲ, ಅದಕ್ಕೇ ಆ ಹೆಸರು. ಆವತ್ತು ಅವರು ಮಾತಾಡುತ್ತಿರಲಿಲ್ಲ. ಅದನ್ನು ಕಂಡೇ ನನಗೆ ಭಯವಾಯಿತು. ಕಿಟಕಿಗೆ ಬೆಡ್‌ಶೀಟು, ಬಾಗಿಲಿಗೆ ಬೆಡ್‌ಶೀಟು. ಸೊಸೆ ಬಕೆಟ್ ಹಿಡಿದು ನಿಂತಿದ್ದಳು. ಬೇಕರಿಯವನೂ ಗ್ಯಾರೇಜಿನವನೂ ಏನಾಯಿತೋ ಅಂತ ನಮ್ಮ ಹಿಂದೆಯೇ ಹತ್ತಿ ಬಂದಿದ್ದರು.

ಅಕ್ಕ ಬೆಡ್‌ಶೀಟಿಗೆ ಕೈ ಹಾಕಿದಳು. ಅಜ್ಜಿ ಕಷ್ಟಪಟ್ಟು ಕಣ್ಣು ತೆರೆದರು.

"ಬಿಡೇ. ನಿನ್ನ ಗಂಡನ್ನ ಹೇಗೆ ನೋಡ್ಕೊಂಡೆ ಅಂತ ಇಡೀ ಬೀದಿಗೆ ಗೊತ್ತು. ಅವನಿಗೆ ಮಾಡಿದ ಹಾಗೇ ನನಗೂ ಮಾಡು. ಅಷ್ಟು ಸಾಕು."

ಅಕ್ಕ ಅಲ್ಲೇ ನಿಂತುಬಿಟ್ಟಳು. ನಾನು ಬಾಯಿ ತೆರೆದೆ, ಅವಳು ಕೈ ಎತ್ತಿ ತಡೆದಳು.

"ಅವರು ಹೋಗಿದ್ದು ಇದರಿಂದಲೇ ಅಜ್ಜಿ" ಅಂದಳು. "ಇದೇ ಬೆಡ್‌ಶೀಟಿನಿಂದ. ಗಾಳಿಯಲ್ಲಿ ನೀರು ತುಂಬಿತ್ತು, ನಾನು ಇನ್ನೂ ನೀರು ತಂದೆ. ಕೆಳಗೆ ಕರ್ಕೊಂಡು ಹೋಗು ಅಂತ ಬಾಯಿಬಿಟ್ಟು ಕೇಳಿದ್ರು. ನಾನು ಕೇಳಲಿಲ್ಲ. ನಾನೇ ಕಟ್ಟಿದೆ, ನನ್ನ ಕೈಯಾರೆ. ನನ್ನ ಮೇಲೆ ಸಿಟ್ಟು ಬರಲಿ, ಏನಾದ್ರೂ ಬರಲಿ. ನೀವು ಮಾತ್ರ ಇಳೀರಿ."

ಮೊದಲು ಅಲ್ಲಾಡಿದ್ದು ಬೇಕರಿಯವನು. ಹೋಗಿ ಬಾಗಿಲಿನ ಬೆಡ್‌ಶೀಟನ್ನು ಎಳೆದು ಹಾಕಿದ. ಗ್ಯಾರೇಜಿನವನು ಕುರ್ಚಿ ತಂದ. ಅಜ್ಜಿಯನ್ನು ಅದರಲ್ಲಿ ಕೂರಿಸಿ, ಇಬ್ಬರೂ ಎರಡು ಕಡೆ ಹಿಡಿದು ಇಳಿಸತೊಡಗಿದರು. ಅಕ್ಕ ಮುಂದೆ ಮುಂದೆ ಹಿಮ್ಮುಖವಾಗಿ ಇಳಿಯುತ್ತಾ, ಅಜ್ಜಿಯ ಕಾಲು ಹಿಡಿದುಕೊಂಡು, "ನಿಧಾನ, ನಿಧಾನ... ಹೋಲ್ಡಾನ್... ರೈಟ್" ಅನ್ನುತ್ತಿದ್ದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ತಾನು ಯಾರ ಮಾತು ಆಡುತ್ತಿದ್ದೇನೆ ಅಂತ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಕೆಳಗೆ ಬೀದಿಗೆ ಸುದ್ದಿ ನಮಗಿಂತ ಮೊದಲೇ ಇಳಿದಿತ್ತು. ತಲೆಯೆತ್ತಿ ನೋಡಿದರೆ ಕಿಟಕಿಗಳಲ್ಲಿ ಬೆಡ್‌ಶೀಟುಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಯಾರೋ ಮಗುವನ್ನು ಎತ್ತಿಕೊಂಡು ಬರುತ್ತಿದ್ದರು, ಯಾರೋ ಮಾವನನ್ನು ಹಿಡಿದುಕೊಂಡು. ಬೇಕರಿಯವನ ಹೆಂಡತಿ ಅಕ್ಕನ ಮುಖ ನೋಡಲಾರದೆ ನೀರಿನ ಕೊಡ ತಂದಿಟ್ಟು ಹೋದಳು.

ಗೋದಾಮಿನ ಎರಡೂ ಬಾಗಿಲು ತೆಗೆಸಿ, ನಡುವೆ ಅಜ್ಜಿಯ ಕುರ್ಚಿ ಇಟ್ಟೆವು. ಅಕ್ಕ ನೀರು ಕುಡಿಸಿದಳು, ಮುಖ ಕತ್ತು ಕೈಕಾಲು ಒರೆಸಿದಳು, ರಟ್ಟಿನ ತುಂಡಿನಿಂದ ಬಿಡದೆ ಗಾಳಿ ಹಾಕಿದಳು. ಎಷ್ಟೋ ಹೊತ್ತು ಅಜ್ಜಿ ಮಿಸುಕಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡೇ ಒಂದು ದೊಡ್ಡ ಉಸಿರು ಬಿಟ್ಟು, "ಇಲ್ಲಿ ಪರವಾಗಿಲ್ಲ ಕಣೇ. ಇಲ್ಲಿ ಗಾಳಿ ಇದೆ" ಅಂದರು.

ಅಕ್ಕನ ಕೈಯಿಂದ ರಟ್ಟು ಜಾರಿತು. ನೆಲದ ಮೇಲೆ ಕೂತು, ಅಜ್ಜಿಯ ಮಂಡಿಗೆ ಹಣೆ ಹಚ್ಚಿ, ವರ್ಷದಿಂದ ಒಂದು ಹನಿ ಕಣ್ಣೀರೂ ಹಾಕದವಳು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಅವಳ ತಲೆ ಮೇಲೆ ಕೈ ಇಟ್ಟರು. ನಾನು ರಟ್ಟು ಎತ್ತಿಕೊಂಡು ಇಬ್ಬರಿಗೂ ಗಾಳಿ ಹಾಕುತ್ತಾ ನಿಂತೆ.

"ಮೂರೇ ಮಹಡಿ ಟೈಲರೇ" ಅಂದಳು ಅಕ್ಕ, ತಲೆ ಎತ್ತದೆ. "ಬರೀ ಮೂರು ಮಹಡಿ ಇತ್ತು."